ಜೆಸಿಪ್ ಆ್ಯಪ್: ಮೂವರು ಕಮಾಂಡರುಗಳು ಒಂದೆಡೆ ನಿಲ್ಲಬೇಕಾದಾಗ

ಬ್ರಿಟನ್ನಿನ ಪೊಲೀಸ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸೇವೆಗಳು ದುರಂತದ ಸ್ಥಳದಲ್ಲಿ ಒಂದಾಗಿ ಕೆಲಸ ಮಾಡಲೆಂದು 2012ರಲ್ಲಿ ಆರಂಭವಾದ ಜೆಸಿಪ್ ಕಾರ್ಯಕ್ರಮವು ತನ್ನ ಸೂತ್ರಗಳನ್ನು ಉಚಿತ ಮೊಬೈಲ್ ಆ್ಯಪ್ ರೂಪದಲ್ಲೂ ಕೊಟ್ಟಿದೆ. ಸ್ಥಳದಲ್ಲಿ ಯಾರ ಮಾತು ನಡೆಯಬೇಕು ಎಂದು ತಿಳಿಯಲು ಇದನ್ನು ತೆರೆದವರಿಗೆ ಯಾವುದೋ ಒಂದು ಇಲಾಖೆಯ ಹೆಸರು ಸಿಗುವುದಿಲ್ಲ. ತಮ್ಮ ತಮ್ಮ ಸಿಬ್ಬಂದಿಯ ಮೇಲೆ ಆಯಾ ಕಮಾಂಡರುಗಳಿಗಿರುವ ಅಧಿಕಾರವನ್ನು ಹಾಗೆಯೇ ಉಳಿಸಿ, ಅವರೆಲ್ಲರೂ ಆದಷ್ಟು ಬೇಗ ಒಂದೇ ಜಾಗದಲ್ಲಿ ಸೇರಬೇಕು, ಸರಳ ಭಾಷೆಯಲ್ಲಿ ಮಾತಾಡಬೇಕು, ಅಪಾಯವನ್ನು ಒಟ್ಟಿಗೆ ಅಳೆಯಬೇಕು ಎಂದು ಅದು ಹೇಳುತ್ತದೆ. ಈ ಕ್ರಮ ನನಗೆ ತುಂಬ ವಿವೇಕದ್ದೆನಿಸುತ್ತದೆ; ಎದುರುಬದುರು ನಿಂತವರ ನಡುವೆ ಹುಟ್ಟುವ ನಂಬಿಕೆ ವೈರ್‌ಲೆಸ್ಸಿನಲ್ಲಿ ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ.

ಆ್ಯಪ್‌ನಲ್ಲಿ ಅತ್ಯಂತ ಉಪಯುಕ್ತವಾದದ್ದು ಮೀಥೇನ್ ಎಂಬ ವರದಿಯ ನಮೂನೆ: ಇದು ಭಾರೀ ಅವಘಡವೇ, ನಿಖರವಾಗಿ ಎಲ್ಲಿ, ಯಾವ ಬಗೆಯದು, ಏನು ಅಪಾಯವಿದೆ, ಯಾವ ದಾರಿಯಿಂದ ಬರಬೇಕು, ಗಾಯಾಳುಗಳೆಷ್ಟು, ಯಾವ ಸೇವೆಗಳು ಬಂದಿವೆ ಮತ್ತು ಇನ್ನಾವುವು ಬೇಕು. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಕಟ್ಟಿದ ಈ ನೆನಪಿನ ಸೂತ್ರ ಕನ್ನಡದಲ್ಲಿ ನಿಲ್ಲುವುದಿಲ್ಲವಾದರೂ ಪ್ರಶ್ನೆಗಳ ಅನುಕ್ರಮ ನಿಲ್ಲುತ್ತದೆ, ಮೂರೂ ಇಲಾಖೆಗಳು ಅದೇ ಅನುಕ್ರಮದಲ್ಲಿ ವರದಿ ಕೊಡುವುದೇ ಇದರ ಪ್ರಯೋಜನ. ಕಮಾಂಡರುಗಳು ಒಟ್ಟಾಗಿ ನಿರ್ಧಾರಕ್ಕೆ ಬರುವ ಹಂತಗಳನ್ನು ತೋರಿಸುವ ಜಂಟಿ ನಿರ್ಧಾರದ ಚಕ್ರವೂ ಇದೆ. ಆದರೆ ಅದರ ಐದು ಹಂತಗಳನ್ನು ಗದ್ದಲದ ನಡುವೆ ಫೋನಿನ ಪರದೆಯಲ್ಲಿ ಓದಲು ಯಾರಿಗೂ ಪುರುಸೊತ್ತು ಇರಲಾರದು.

ಇದರ ಮಿತಿಯನ್ನು ತಿಳಿಯಲು 2017ರ ಮೇ 22ರ ರಾತ್ರಿಯ ಮ್ಯಾಂಚೆಸ್ಟರನ್ನು ನೆನೆಯಬೇಕು. ಜೆಸಿಪ್ ಸಿದ್ಧಾಂತ 2013ರಲ್ಲೇ ಪ್ರಕಟವಾಗಿತ್ತು. ಹಾಗಿದ್ದೂ, ಸಂಗೀತ ಕಾರ್ಯಕ್ರಮ ನಡೆದಿದ್ದ ಮ್ಯಾಂಚೆಸ್ಟರ್ ಅರೀನಾ ಸಭಾಂಗಣದಲ್ಲಿ 22 ಮಂದಿಯನ್ನು ಬಲಿತೆಗೆದುಕೊಂಡ ಬಾಂಬ್ ಸ್ಫೋಟದ ನಂತರ ಪೊಲೀಸರು ಕೆಥೀಡ್ರಲ್ ಬಳಿಯ ಕಾರ್ ಪಾರ್ಕನ್ನು ಸೇರುವ ಸ್ಥಳವೆಂದು ಗೊತ್ತುಮಾಡಿದರೆ, ಅಗ್ನಿಶಾಮಕ ದಳ ಸುಮಾರು ಮೂರು ಮೈಲಿ ದೂರದ ಫಿಲಿಪ್ಸ್ ಪಾರ್ಕ್ ಠಾಣೆಯಲ್ಲಿ ಸೇರಿತು. ಅದು ಅರೀನಾ ತಲುಪುವಷ್ಟರಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ಕಳೆದಿತ್ತು. ಗಾಯಾಳುಗಳು ಬಿದ್ದಿದ್ದ, ಸಿಟಿ ರೂಮ್ ಎಂದು ಕರೆಯುವ ಅರೀನಾದ ಮೊಗಸಾಲೆಯೊಳಗೆ ಹೋದ ಪ್ಯಾರಾಮೆಡಿಕ್‌ಗಳು ಮೂವರು ಮಾತ್ರ. ಸೂತ್ರಗಳು ಬರೆಹದಲ್ಲಿದ್ದವು, ಅವುಗಳನ್ನು ಒತ್ತಡದ ನಡುವೆ ಪಾಲಿಸುವಷ್ಟು ರೂಢಿ ಇರಲಿಲ್ಲ ಎಂಬ ನೋವು, 2022ರ ನವೆಂಬರಿನಲ್ಲಿ ಹೊರಬಂದ, ಈ ಸ್ಫೋಟದ ತನಿಖಾ ವರದಿಯ ಎರಡನೆಯ ಸಂಪುಟವನ್ನು ಓದುವವರನ್ನು ಬಿಡದು.

ಆದ್ದರಿಂದ ನಾನು ಈ ಆ್ಯಪನ್ನು ತರಬೇತಿ ಪಡೆದವರ ನೆನಪಿನ ಚೀಟಿಯಾಗಿ ಮನಸಾರೆ ಶಿಫಾರಸು ಮಾಡುತ್ತೇನೆ, ತರಬೇತಿಗೆ ಬದಲಿಯಾಗಿ ಮಾಡಲಾರೆ. ಆ್ಯಪನ್ನು ಫೋನಿಗೆ ಇಳಿಸಿಕೊಂಡ ಠಾಣಾಧಿಕಾರಿಗಳು ಅದೇ ವಾರ ಪಕ್ಕದ ಎರಡು ಸೇವೆಗಳವರನ್ನು ಕರೆದು, ಒಂದು ಕಲ್ಪಿತ ಅವಘಡಕ್ಕೆ ಮೀಥೇನ್ ವರದಿಯನ್ನು ಜೋರಾಗಿ ಹೇಳಿಸಿ ನೋಡಲಿ.