ಎಟಿ-ಎಲ್‌ಪಿ60ಎಕ್ಸ್ ಪ್ಲೇಯರು: ಮಂಗಳೂರಿನ ಹವೆಯಲ್ಲಿ ಸ್ಕಾಟ್ಲೆಂಡಿನ ರೆಕಾರ್ಡು

ಬ್ಲೂ ನೈಲ್, ಬಿಗ್ ಕಂಟ್ರಿ, ಮೊಗ್ವಾಯ್ ಎಂದು ಸ್ಕಾಟ್ಲೆಂಡಿನ ಬ್ಯಾಂಡುಗಳನ್ನು ವರ್ಷಗಟ್ಟಲೆ ಫೋನಿನಲ್ಲೇ ಕೇಳಿ, ಈಗ ಎಲ್‌ಪಿ ರೆಕಾರ್ಡು ತರಿಸಿಕೊಳ್ಳುವ ಹುಚ್ಚು ಹತ್ತಿದವರ ಕಣ್ಣು ಮೊದಲು ಬೀಳುವುದು ಆಡಿಯೋ-ಟೆಕ್ನಿಕಾ ಕಂಪನಿಯ ರೆಕಾರ್ಡ್ ಪ್ಲೇಯರು ಎಟಿ-ಎಲ್‌ಪಿ60ಎಕ್ಸ್ ಮೇಲೆ. ಸ್ಕಾಟಿಷ್ ಗಿಟಾರ್ ಬ್ಯಾಂಡುಗಳಿಗೆ ಇದು ಧಾರಾಳ ಸಾಕು. ಬ್ಲೂ ನೈಲ್‌ಗೆ ಸಾಲದು. ಇನ್ನು ಕರಾವಳಿಯಲ್ಲಿ ರೆಕಾರ್ಡು ಕೆಡುವುದು ಪ್ಲೇಯರಿನಿಂದ ಅಲ್ಲ, ಮಳೆಗಾಲದಿಂದ. ಆ ಖರ್ಚನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಬೇಕು.

ಇದು ಬೆಲ್ಟಿನಿಂದ ತಿರುಗುವ, ಪೂರ್ತಿ ಆಟೊಮ್ಯಾಟಿಕ್ ಪ್ಲೇಯರು. ಸ್ಟಾರ್ಟ್ ಒತ್ತಿದರೆ ತೋಳು ತಾನಾಗಿ ಎದ್ದು ರೆಕಾರ್ಡಿನ ಅಂಚಿಗೆ ಬಂದು ಇಳಿಯುತ್ತದೆ, ಬದಿ ಮುಗಿದಾಗ ವಾಪಸು ಹೋಗಿ ಕೂರುತ್ತದೆ. ವೇಗಕ್ಕೊಂದು, ಗಾತ್ರಕ್ಕೊಂದು ಬೇರೆ ಬೇರೆ ಗುಂಡಿ ಇರುವುದು ನಮ್ಮಂಥ ಕೇಳುಗರಿಗೆ ಉಪಕಾರ. ಗ್ಲಾಸ್ಗೋದ ಪೋಸ್ಟ್‌ಕಾರ್ಡ್ ರೆಕಾರ್ಡ್ಸ್ 1980ರಲ್ಲಿ ಹೊರತಂದ ಆರೆಂಜ್ ಜ್ಯೂಸ್ ಬ್ಯಾಂಡಿನ ಸಿಂಗಲ್‌ಗಳು (ಒಂದೆರಡು ಹಾಡಿನ ರೆಕಾರ್ಡುಗಳು) 7 ಇಂಚಿನವು, ನಿಮಿಷಕ್ಕೆ 45 ಸುತ್ತಿನ ವೇಗದವು. ಎಂಬತ್ತರ ದಶಕದ 12 ಇಂಚಿನ ಸಿಂಗಲ್‌ಗಳಲ್ಲೂ ಬಹುಪಾಲು 45ರವೇ. ಗಾತ್ರ 12, ವೇಗ 45 ಎಂದು ಇಟ್ಟರೆ ಅವೂ ಸರಾಗ. 10 ಇಂಚಿನದ್ದಕ್ಕೆ ಮಾತ್ರ ಲಿಫ್ಟ್ ಗುಂಡಿ ಒತ್ತಿ ತೋಳನ್ನು ಕೈಯಲ್ಲೇ ಒಯ್ಯಬೇಕು.

ಜೋಡಿಸುವುದು ಅರ್ಧ ಗಂಟೆಯ ಕೆಲಸವೂ ಅಲ್ಲ. ತಟ್ಟೆಯನ್ನು ನಡುವಿನ ಕಡ್ಡಿಗೆ ಇಳಿಸಿ, ಅದರ ಕಿಂಡಿಯಲ್ಲಿ ಮೋಟಾರಿನ ಪುಟ್ಟ ಗಾಲಿ ಕಾಣುವವರೆಗೆ ತಿರುಗಿಸಿ, ಅಡಿಯಲ್ಲಿ ಸುತ್ತಿಕೊಂಡಿರುವ ಬೆಲ್ಟನ್ನು ಎಳೆದು ಗಾಲಿಗೆ ತೊಡಿಸಿ. ಆಮೇಲೆ ತಟ್ಟೆಯನ್ನು ಗಡಿಯಾರದ ದಿಕ್ಕಿನಲ್ಲಿ ಹತ್ತು ಸುತ್ತು ಕೈಯಲ್ಲೇ ತಿರುಗಿಸಿ. ಬೆಲ್ಟು ಎಲ್ಲಾದರೂ ತಿರುಚಿಕೊಂಡಿದ್ದರೆ ಇಲ್ಲೇ ಸರಿಹೋಗುತ್ತದೆ. ಈ ಹತ್ತು ಸುತ್ತು ಬಿಟ್ಟವರಿಗೆ ಸ್ವರ ಅಲೆಯುತ್ತದೆ. ಎಣ್ಣೆ ಕೈಯಲ್ಲಿ ಬೆಲ್ಟು ಮುಟ್ಟಬೇಡಿ, ಜಾರುತ್ತದೆ. ತೋಳಿಗೆ ಕಟ್ಟಿರುವ ಕಟ್ಟು, ಸೂಜಿಯ ಮುಚ್ಚಳ, ಎರಡನ್ನೂ ತೆಗೆದ ಮೇಲೆಯೇ ಕರೆಂಟು ಕೊಡಿ.

ಹೆಚ್ಚಿನವರು ಎಡವುವುದು ಹಿಂಬದಿಯ ಫೋನೊ–ಲೈನ್ ಸ್ವಿಚ್ಚಿನಲ್ಲಿ. ಪ್ಲೇಯರಿನೊಳಗೇ ಪ್ರೀಆಂಪ್, ಅಂದರೆ ಸೂಜಿಯ ಸಣ್ಣ ಸಿಗ್ನಲನ್ನು ಹೆಚ್ಚಿಸುವ ಭಾಗ, ಇದೆ. ಆಂಪ್ಲಿಫೈಯರಿನ ಆಕ್ಸ್‌ಗೋ ಪವರ್ಡ್ ಸ್ಪೀಕರಿಗೋ ಕೊಡುವುದಾದರೆ ಸ್ವಿಚ್ಚು ಲೈನ್‌ನಲ್ಲಿರಲಿ. ಆಂಪ್ಲಿಫೈಯರಿನಲ್ಲಿ ಫೋನೊ ಎಂದೇ ಬರೆದ ತೂತು ಇದ್ದರೆ ಸ್ವಿಚ್ಚು ಫೋನೊದಲ್ಲಿರಲಿ. ಎರಡು ಪ್ರೀಆಂಪ್ ಒಂದರ ಮೇಲೊಂದು ಬಿದ್ದರೆ ಧ್ವನಿ ಒಡೆದು ಗರಗರ ಎನ್ನುತ್ತದೆ. ಇದನ್ನು ಪರೀಕ್ಷಿಸಲು ಜೀಸಸ್ ಅಂಡ್ ಮೇರಿ ಚೇನ್ ಬ್ಯಾಂಡಿನ 1985ರ ಆಲ್ಬಮ್ಮು ಸೈಕೋಕ್ಯಾಂಡಿಯನ್ನು ಮಾತ್ರ ಹಾಕಬೇಡಿ. ಎಲ್ಲ ಸರಿಯಿದ್ದರೂ ಅದು ಹಾಗೆಯೇ ಕೇಳಿಸುತ್ತದೆ.

ಇನ್ನು ಧ್ವನಿ. ಸೂಜಿ ದುಂಡು ತುದಿಯದು, ರೆಕಾರ್ಡಿನ ಮೇಲೆ ಸುಮಾರು 3 ಗ್ರಾಂ ಭಾರ ಹಾಕುತ್ತದೆ, ಆ ಭಾರವನ್ನು ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ. ವೇಗದ ಏರಿಳಿತ 0.25 ಶೇಕಡಾಕ್ಕಿಂತ ಕಡಿಮೆ ಎಂದು ಕಂಪನಿ ಹೇಳುತ್ತದೆ. ಈ ಅಂಕಿಯ ಅರ್ಥ ತಿಳಿಯಬೇಕಾದರೆ ಎರಡು ಬ್ಯಾಂಡುಗಳನ್ನು ಬೆನ್ನುಬೆನ್ನಿಗೆ ಕೇಳಬೇಕು. ಗ್ರೇಂಜ್‌ಮೌತ್‌ನ ಕಾಕ್ಟೋ ಟ್ವಿನ್ಸ್‌ನಲ್ಲಿ ರಾಬಿನ್ ಗುತ್ರಿಯ ಗಿಟಾರು ಕೋರಸ್, ಡಿಲೇ ಎಂಬ, ಸ್ವರವನ್ನು ಅಲುಗಿಸಿ ಮರುಕಳಿಸುವ ಎಫೆಕ್ಟುಗಳಲ್ಲಿ ಅದ್ದಿಯೇ ಬರುತ್ತದೆ. ಸ್ವರ ಮೊದಲೇ ತೇಲಾಡುತ್ತಿರುವುದರಿಂದ ಪ್ಲೇಯರಿನ ಅಲುಗಾಟ ಅದರೊಳಗೆ ಮುಚ್ಚಿಹೋಗುತ್ತದೆ. ಡನ್‌ಫರ್ಮ್‌ಲಿನ್‌ನ ಬಿಗ್ ಕಂಟ್ರಿಯದೂ ಅಷ್ಟೇ: 1983ರ ದಿ ಕ್ರಾಸಿಂಗ್‌ನಲ್ಲಿ ಬ್ಯಾಗ್‌ಪೈಪಿನಂತೆ ಮೊಳಗುವ ಆ ಗಿಟಾರುಗಳು ಈ ಪ್ಲೇಯರಿನಲ್ಲಿ ಎದೆಗೆ ಬಡಿಯುವಂತೆ ಬರುತ್ತವೆ. ಬ್ಲೂ ನೈಲ್ ಹಾಕಿ ನೋಡಿ. ಉದ್ದಕ್ಕೆ ಎಳೆದು ನಿಲ್ಲಿಸಿದ ಸಿಂಥ್, ಪಿಯಾನೋದ ಒಂಟಿ ಸ್ವರ, ಸುತ್ತ ಖಾಲಿ ಜಾಗ. ಅಲ್ಲಿ ಏರಿಳಿತಕ್ಕೆ ಅಡಗಲು ಎಡೆಯಿಲ್ಲ. ಪಿಯಾನೋ ಒಂಚೂರು ನಡುಗುವುದು ಕಿವಿಗೆ ಗೊತ್ತಾಗುತ್ತದೆ.

ಇದರಲ್ಲೊಂದು ತಮಾಷೆಯೂ ಇದೆ. ಬ್ಲೂ ನೈಲ್‌ನ ಮೊದಲ ಆಲ್ಬಮ್ಮನ್ನು, ಅಂದರೆ 1984ರ ಎ ವಾಕ್ ಅಕ್ರಾಸ್ ದಿ ರೂಫ್‌ಟಾಪ್ಸ್ ಅನ್ನು, ಹೊರತಂದದ್ದೇ ಟರ್ನ್‌ಟೇಬಲ್ ಮಾಡುವ ಗ್ಲಾಸ್ಗೋದ ಲಿನ್ ಕಂಪನಿಯ ರೆಕಾರ್ಡ್ ಲೇಬಲ್. ಆ ಕಂಪನಿಯ ಸೊಂಡೆಕ್ ಎಲ್‌ಪಿ12 1973ರಿಂದ ಇಂದಿನವರೆಗೂ ತಯಾರಾಗುತ್ತಿದೆ. ಅದರ ಬೆಲೆಗೆ ಇಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ಹಾಗಾಗಿ ಬ್ಲೂ ನೈಲ್ ಅನ್ನು ಸದ್ಯಕ್ಕೆ ಸಿಡಿಯಲ್ಲೇ ಕೇಳುವುದು ಜಾಣತನ.

ಬದಿಯ ಕೊನೆಯ ಹಾಡು ಇನ್ನೊಂದು ತೊಂದರೆ. ಎಲ್‌ಪಿಯ ಹೊರ ಅಂಚಿನಲ್ಲಿ ಸೂಜಿಯ ಅಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಓಡುತ್ತದೆ; ಲೇಬಲ್ಲಿನ ಹತ್ತಿರ ಬಂದಾಗ ಅದು 21ಕ್ಕೆ ಇಳಿಯುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತದೆ, ದುಂಡು ಸೂಜಿ ಆ ಸಣ್ಣ ತಿರುವುಗಳೊಳಗೆ ಪೂರ್ತಿ ಇಳಿಯುವುದಿಲ್ಲ. 'ಸ', 'ಶ'ಗಳು ಸೀಳುತ್ತವೆ. ಒಂದೇ ಆಲ್ಬಮ್ಮಿನ ಎರಡು ಮುದ್ರಣ ಸಿಗುತ್ತಿದ್ದರೆ, ಹಾಡುಗಳನ್ನು ಹೆಚ್ಚು ಬದಿಗಳಿಗೆ ಹಂಚಿದ್ದನ್ನೇ ಆರಿಸಿ. ಪ್ರೈಮಲ್ ಸ್ಕ್ರೀಮ್‌ನ 1991ರ ಸ್ಕ್ರೀಮಡೆಲಿಕಾ ಎರಡು ಎಲ್‌ಪಿಯಾಗಿ ಬಂದದ್ದು ಈ ಕಾರಣಕ್ಕೆ ಅನುಕೂಲವೇ ಆಯಿತು, ಬಾಸ್ ಹರಡಿಕೊಳ್ಳಲು ಜಾಗವಿದೆ. ಮೊಗ್ವಾಯ್‌ನ 1997ರ ಯಂಗ್ ಟೀಮ್‌ಗೆ ಬೇಕಾದದ್ದು ಜಾಗಕ್ಕಿಂತ ಶುದ್ಧಿ. ಪಿಸುಗುಟ್ಟುವಷ್ಟು ಮೆಲ್ಲಗೆ ಶುರುವಾಗಿ ಆಮೇಲೆ ಮಾಡು ಹಾರಿಸುವ ಸಂಗೀತ ಅದು. ಮೆಲ್ಲಗಿನ ಭಾಗದಲ್ಲಿ ಒಂದೊಂದು ಧೂಳಿನ ಕಣವೂ ಟಿಕ್ ಎನ್ನುತ್ತದೆ.

ಆದ್ದರಿಂದ ಸ್ವಚ್ಛತೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ. ಇದರಿಂದ ಒಂದು ಲಾಭವುಂಟು: ಹೊರದೇಶದವರು ಕಡ್ಡಾಯ ಎನ್ನುವ, ರೆಕಾರ್ಡಿನ ಸ್ಥಿರ ವಿದ್ಯುತ್ತು ತೆಗೆಯುವ ಆ್ಯಂಟಿ-ಸ್ಟ್ಯಾಟಿಕ್ ಗನ್ನು ನಮಗೆ ಬೇಡ, ತೇವದ ಗಾಳಿಯಲ್ಲಿ ರೆಕಾರ್ಡು ಅಷ್ಟಾಗಿ ಅದನ್ನು ಹಿಡಿದುಕೊಳ್ಳುವುದಿಲ್ಲ. ದಿನವಿಡೀ ಎಸಿ ಓಡುವ ಕೋಣೆಯಾದರೆ ಬೇರೆ ಮಾತು. ನಷ್ಟ ಬೂಷ್ಟಿನದು. ರಟ್ಟಿನ ಜಾಕೆಟ್ಟು ನೀರು ಹೀರುತ್ತದೆ, ಒಳಗಿನ ಕಾಗದದ ಕವರು ರೆಕಾರ್ಡಿಗೆ ಅಂಟುತ್ತದೆ, ಆಟಿಯ ಹೊತ್ತಿಗೆ ಗೆರೆಗಳ ಮೇಲೆ ಬಿಳಿ ಚುಕ್ಕೆ ಏಳುತ್ತದೆ. ಕಾಗದದ ಕವರು ತೆಗೆದು ಪಾಲಿಥೀನ್ ಒಳಕವರಿಗೆ ಬದಲಿಸಿ. ಹೊರಗೋಡೆಗೆ ತಾಗಿದ ಕಪಾಟು ಬೇಡ, ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ನೆಟ್ಟಗೆ ನಿಲ್ಲಿಸಿಡಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಬಣ್ಣ ಬದಲಾದಾಗ ಒಣಗಿಸಿ.

ತೊಳೆಯುವ ದ್ರಾವಣ ಮನೆಯಲ್ಲೇ ಆಗುತ್ತದೆ. 800 ಮಿ.ಲೀ. ಡಿಸ್ಟಿಲ್ಡ್ ವಾಟರ್, 200 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಎರಡು ಹನಿ ಬಣ್ಣವಿಲ್ಲದ ಲಿಕ್ವಿಡ್ ಸೋಪು. ಆಲ್ಕೊಹಾಲ್ ಬೇಕಾದರೆ ಮೊಬೈಲ್ ರಿಪೇರಿಯವರನ್ನು ಕೇಳಿ, ಐಪಿಎ ಎಂದರೆ ಗೊತ್ತಾಗುತ್ತದೆ. ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರು ಸುರಿಯಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಗೆರೆಯಲ್ಲೇ ಉಳಿಯುತ್ತದೆ. ಬಾವಿ ನೀರೂ ಬೇಡ, ಒಣಗಿದ ಮೇಲೆ ಲವಣ ಉಳಿಯುತ್ತದೆ. ಮೈಕ್ರೊಫೈಬರ್ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ಅಡ್ಡಕ್ಕೆ ಎಂದಿಗೂ ಅಲ್ಲ. ಲೇಬಲ್ಲು ನೆನೆಯಬಾರದು. ಕೊನೆಗೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಪೂರ್ತಿ ಒಣಗಿಸಿ. ತೇವವಿರುವಾಗಲೇ ಕವರಿಗೆ ಹಾಕಿದರೆ ತೊಳೆದದ್ದೇ ದಂಡ. ಅಜ್ಜನ ಕಾಲದ 78ರ ಅರಗಿನ ತಟ್ಟೆಗಳಿಗೆ ಈ ದ್ರಾವಣ ತಾಗಿಸಬೇಡಿ, ಆಲ್ಕೊಹಾಲು ಅರಗನ್ನು ಕರಗಿಸುತ್ತದೆ. ಹೇಗೂ ಈ ಪ್ಲೇಯರಿನಲ್ಲಿ 78ರ ವೇಗವಿಲ್ಲ.

ಹಾಡಿನ ನಡುವೆ ಕರೆಂಟು ಹೋದರೆ ತೋಳು ಇದ್ದಲ್ಲೇ ನಿಲ್ಲುತ್ತದೆ. ತೋಳು ಏಳುವಾಗಲೋ ಹಿಂದಕ್ಕೆ ಹೋಗುವಾಗಲೋ ನಿಂತಿದ್ದರೆ ಬಲವಂತ ಮಾಡಿದಿರೋ, ಒಳಗಿನ ಹಲ್ಲುಗಾಲಿ ಕೆಡುತ್ತದೆ. ಕರೆಂಟು ಬಂದ ಮೇಲೆ ಸ್ಟಾಪ್ ಒತ್ತುವುದೇ ಸರಿ. ಹಂಚಿನ ಮನೆಯ ಉಪ್ಪರಿಗೆಯಲ್ಲಿ ಮರದ ಹಲಗೆಯ ನೆಲವಿದ್ದರೆ ಯಾರಾದರೂ ನಡೆದಾಗ ಸೂಜಿ ಹಾರುತ್ತದೆ. ಪ್ಲೇಯರನ್ನು ಗೋಡೆಗೆ ಬಡಿದ ಶೆಲ್ಫಿನ ಮೇಲಿಡಿ. ಗುಂಯ್ ಸದ್ದು ಬಂದರೆ ಮೊದಲು ಮನೆಯ ಅರ್ತಿಂಗ್ ನೋಡಿಸಿ, ಈ ಮಾಡೆಲ್ಲಿನಲ್ಲಿ ಬೇರೆ ಅರ್ತ್ ವಯರ್ ಇಲ್ಲ. ಬ್ಲೂಟೂತ್ ಇರುವ ಎಲ್‌ಪಿ60ಎಕ್ಸ್‌ಬಿಟಿಗೆ ಹೆಚ್ಚು ಕೊಡುವ ಅಗತ್ಯ ಕಾಣುವುದಿಲ್ಲ.

ಸೂಜಿಯ ಆಯಸ್ಸು ಸುಮಾರು 400 ಗಂಟೆ, ಅಂದರೆ 40 ನಿಮಿಷದ ಎಲ್‌ಪಿ ಆರುನೂರು ಸಲ. ಬದಲಿ ಸೂಜಿಯ ನಂಬರು ಎಟಿಎನ್3600ಎಲ್; ಹಳೆಯದನ್ನು ಮುಂಭಾಗದಿಂದ ಕೆಳಕ್ಕೆ ಒತ್ತಿ ಬಿಡಿಸಿ, ಹೊಸದು ಟಕ್ ಎನ್ನುವವರೆಗೆ ಕೂರಿಸಬೇಕು. ಬ್ರಿಟನ್ನಿನಿಂದ ರೆಕಾರ್ಡು ತರಿಸುವಾಗ ತಟ್ಟೆಯನ್ನು ಜಾಕೆಟ್ಟಿನ ಹೊರಗಿಟ್ಟು ಪ್ಯಾಕ್ ಮಾಡಲು ಅಂಗಡಿಯವರಿಗೆ ಬರೆಯಿರಿ, ಇಲ್ಲದಿದ್ದರೆ ದಾರಿಯಲ್ಲಿ ಕುಲುಕಿ ಜಾಕೆಟ್ಟಿನ ಅಂಚು ಹರಿಯುತ್ತದೆ. ಏಪ್ರಿಲ್, ಮೇನಲ್ಲಿ ಪಾರ್ಸೆಲ್ಲು ಬಂದರೆ ಬಿಸಿಲು ಬೀಳುವ ಜಗಲಿಯಲ್ಲಿ ಬಿಟ್ಟುಹೋಗದಂತೆ ಮನೆಯವರಿಗೆ ಹೇಳಿಡಿ. ಒಮ್ಮೆ ಬಗ್ಗಿದ ರೆಕಾರ್ಡಿನ ಮೇಲೆ ಈ ಹಗುರ ಪ್ಲೇಯರಿನ ತೋಳು ಕುಣಿಯುತ್ತಲೇ ಇರುತ್ತದೆ.