ನಿರ್ಮಾಣ ಸೇವಾ ಸಂಸ್ಥೆಯನ್ನು ಅಳೆಯಬೇಕಾದದ್ದು ಅದರ ಸಿಬ್ಬಂದಿಯ ಹಿಂದಿನ ಕೆಲಸದಿಂದ

ಸಾಕ್ಷ್ಯಚಿತ್ರವೊಂದರ ವಿದೇಶಿ ಭಾಗದ ಚಿತ್ರೀಕರಣಕ್ಕಾಗಿ ನಮ್ಮ ತಂಡ ನೆಚ್ಚಿಕೊಂಡಿದ್ದ ನಿರ್ಮಾಣ ಸೇವಾ ಸಂಸ್ಥೆಯ ಕುರಿತ ವಿಮರ್ಶೆ ಇದು. ಅನುಮತಿ, ಸ್ಥಳ, ವಾಹನ, ವಸತಿ, ಸಲಕರಣೆ, ಸ್ಥಳೀಯ ತಂತ್ರಜ್ಞರು, ಲೆಕ್ಕಪತ್ರ ಇವೆಲ್ಲವನ್ನೂ ಒದಗಿಸುವುದು ಇಂಥ ಸಂಸ್ಥೆಗಳ ಕೆಲಸ. ಕ್ಯಾಮೆರಾ, ದೀಪ, ಕ್ರೇನ್‌ಗಳನ್ನು ಯಾರಿಂದ ಬೇಕಾದರೂ ಬಾಡಿಗೆಗೆ ತರಬಹುದಾದ್ದರಿಂದ, ನಿರ್ಮಾಪಕ ನಿಜವಾಗಿ ಹಣ ತೆರುವುದು ಅಲ್ಲಿನ ಜನರ ಅನುಭವಕ್ಕೆ. ಆ ದೃಷ್ಟಿಯಿಂದ ಈ ಸಂಸ್ಥೆಯ ಹೆಚ್ಚಿನ ಸಿಬ್ಬಂದಿಯನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅವರನ್ನು ಪರಿಚಯಿಸುವ ಬಗೆಯನ್ನೂ ಒಂದು ಮುಖ್ಯ ಹುದ್ದೆಯನ್ನು ತುಂಬಿದ ರೀತಿಯನ್ನೂ ಮೆಚ್ಚಲಾರೆ.

ನಮಗೆ ದೊರೆತ ಲೈನ್ ಪ್ರೊಡ್ಯೂಸರ್, ಅಂದರೆ ಚಿತ್ರೀಕರಣದ ದಿನನಿತ್ಯದ ವೆಚ್ಚ ಮತ್ತು ವ್ಯವಸ್ಥೆಯನ್ನು ನೋಡಿಕೊಳ್ಳುವವರು, ಸಿನಿಮಾಕ್ಕೆ ಬಂದದ್ದು ಲೆಕ್ಕಪತ್ರ ವಿಭಾಗದ ಮೂಲಕ. ನಿರ್ದೇಶನದ ಕನಸು ಹೊತ್ತು ಬಂದು, ಅದು ಕೈಗೂಡದೆ ನಿರ್ವಹಣೆಗೆ ಇಳಿದವರಿಗೂ ಇವರಿಗೂ ಇರುವ ಅಂತರ ಮೊದಲ ಸಭೆಯಲ್ಲೇ ತಿಳಿಯಿತು. ಚಿತ್ರಕಥೆ ಓದಿ ಬಂದಿದ್ದ ಅವರು ಮೊದಲು ಕೇಳಿದ್ದು ರಾತ್ರಿಯ ದೃಶ್ಯಗಳೆಷ್ಟು ಎಂದು. ರಾತ್ರಿಯ ಚಿತ್ರೀಕರಣವೆಂದರೆ ಹೆಚ್ಚುವರಿ ದೀಪ ಮತ್ತು ಜನರೇಟರ್ ಮಾತ್ರವಲ್ಲ, ತಂಡಕ್ಕೆ ಕೊಡಲೇಬೇಕಾದ ವಿಶ್ರಾಂತಿಯ ಅವಧಿಯಿಂದಾಗಿ ಮರುದಿನದ ಆರಂಭವೂ ತಡವಾಗುತ್ತದೆ ಎಂಬುದನ್ನು ಅವರು ಆಯವ್ಯಯದ ಪಟ್ಟಿಯಲ್ಲೇ ತೋರಿಸಿದರು. ವಾರವಾರವೂ ಅವರು ಕಳಿಸುತ್ತಿದ್ದ ವೆಚ್ಚದ ವರದಿಯಲ್ಲಿ ಈವರೆಗೆ ಖರ್ಚಾದದ್ದು, ಒಪ್ಪಂದವಾಗಿ ಇನ್ನೂ ಪಾವತಿಯಾಗದೆ ಉಳಿದದ್ದು, ಮುಗಿಯುವವರೆಗೆ ಬೇಕಾಗಬಹುದಾದದ್ದು ಎಂಬ ಮೂರು ಅಂಕಣಗಳು ಬೇರೆಬೇರೆಯಾಗಿರುತ್ತಿದ್ದವು. ಎರಡನೆಯ ಅಂಕಣವನ್ನು ಬಿಟ್ಟುಬಿಡುವ ಲೆಕ್ಕಗಳೇ ನಿರ್ಮಾಪಕರನ್ನು ಕೊನೆಯ ವಾರದಲ್ಲಿ ಕಂಗೆಡಿಸುವುದು.

ಇನ್ನೂ ಹೆಚ್ಚು ಹೇಳಬೇಕಾದದ್ದು ಸಾಗಣೆಯ ಹೊಣೆ ಹೊತ್ತವರ ಬಗ್ಗೆ. ಅವರಿಗೆ ಸಿನಿಮಾದ ಹಿನ್ನೆಲೆಯೇ ಇರಲಿಲ್ಲ. ಸರಕು ಸಾಗಣೆ ಮತ್ತು ಸುಂಕದ ಕಾಗದಪತ್ರಗಳಲ್ಲಿ ಪಳಗಿ ಬಂದವರು. ಸಲಕರಣೆಗಳನ್ನು ತಾತ್ಕಾಲಿಕವಾಗಿ ಮತ್ತೊಂದು ದೇಶಕ್ಕೆ ಒಯ್ಯಲು ಬಳಸುವ ಎಟಿಎ ಕಾರ್ನೆಟ್ ಎಂಬ ದಾಖಲೆ 1961ರ ಅಂತರರಾಷ್ಟ್ರೀಯ ಒಪ್ಪಂದದಿಂದ ಬಂದದ್ದು, ಹೆಚ್ಚೆಂದರೆ ಒಂದು ವರ್ಷ ಊರ್ಜಿತವಾಗಿರುವಂಥದ್ದು. ಅದರಲ್ಲಿ ಪ್ರತಿ ಲೆನ್ಸ್, ಪ್ರತಿ ಮಾನಿಟರಿನ ಕ್ರಮಸಂಖ್ಯೆ ಪೆಟ್ಟಿಗೆಯೊಳಗಿನ ವಸ್ತುವಿಗೆ ತಾಳೆಯಾಗಬೇಕು. ಬಳಸಿ ಮುಗಿಸುವ ಟೇಪು, ಬಣ್ಣದ ಹಾಳೆ ಮುಂತಾದವನ್ನು ಅದರಲ್ಲಿ ಸೇರಿಸುವಂತಿಲ್ಲ. ಆ ದೇಶದಿಂದ ಹೊರಡುವಾಗ ಸುಂಕದ ಅಧಿಕಾರಿಯ ಮೊಹರು ಬೀಳದಿದ್ದರೆ, ವಸ್ತು ಮರಳಿ ಬಂದಿದ್ದರೂ ಸುಂಕದ ಬೇಡಿಕೆ ತಿಂಗಳುಗಳ ನಂತರ ಬಂದು ಕದ ತಟ್ಟಬಹುದು. ಇದನ್ನೆಲ್ಲ ತಿಳಿದಿದ್ದ ಅವರು ನಾವು ಪೆಟ್ಟಿಗೆ ಕಟ್ಟುವ ಮೊದಲೇ ಪಟ್ಟಿ ತರಿಸಿಕೊಂಡು ತಿದ್ದಿದರು. ಕ್ಯಾಮೆರಾದ ಲಿಥಿಯಂ ಬ್ಯಾಟರಿಗಳನ್ನಂತೂ ಒಂದೊಂದಾಗಿ ವಿಚಾರಿಸಿದರು: ಬ್ಯಾಟರಿ ಹಿಡಿದಿಡುವ ಶಕ್ತಿ 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ಮೀರಿದರೆ ಪ್ರಯಾಣಿಕರ ಸಾಮಾನಿನಲ್ಲಿ ಒಯ್ಯುವಂತಿಲ್ಲ, ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಚಲನಚಿತ್ರಗಳ ಉದ್ದನೆಯ ಪಟ್ಟಿಯಿರುವ ಎಷ್ಟೋ ನಿರ್ವಾಹಕರಲ್ಲಿ ಇಷ್ಟು ಖಚಿತವಾದ ತಿಳಿವಳಿಕೆಯನ್ನು ನಾನು ಕಂಡಿಲ್ಲ.

ದೀಪ ವಿಭಾಗದ ಮುಖ್ಯಸ್ಥರು ಕೈಗಾರಿಕೆಗಳಲ್ಲಿ ಕೆಲಸ ಮಾಡಿದ್ದ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್. 50 ಹರ್ಟ್ಸ್ ವಿದ್ಯುತ್ತಿನ ಕೆಳಗೆ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಚಿತ್ರೀಕರಿಸುವಾಗ ಹಳೆಯ ಟ್ಯೂಬ್‌ಲೈಟುಗಳು ಮಿನುಗದಿರಲು ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿಯನ್ನು ನಿರ್ಧರಿಸುವ ಷಟರ್ ಕೋನವನ್ನು 172.8 ಡಿಗ್ರಿಗೆ ಇಳಿಸಬೇಕೆಂದು ಅವರು ಛಾಯಾಗ್ರಾಹಕರಿಗೆ ತಾವಾಗಿಯೇ ನೆನಪಿಸಿದರು. ಕಟ್ಟಡದ ತಂತಿಗಳು ತಾಳುವ ಹೊರೆಯನ್ನು ಅಳೆಯದೆ ಅವರು ಒಂದು ದೀಪವನ್ನೂ ಹೊತ್ತಿಸಲಿಲ್ಲ. ಮೊದಲ ಸಹಾಯಕ ನಿರ್ದೇಶಕರು ರಂಗಭೂಮಿಯ ಸ್ಟೇಜ್ ಮ್ಯಾನೇಜರ್ ಆಗಿದ್ದವರು. ದನಿ ಏರಿಸದೆ ಸೆಟ್ ನಡೆಸುವ ಶಿಸ್ತು ಅವರಿಗೆ ಅಲ್ಲಿಂದ ಬಂದಿರಬೇಕು.

ಕೊರತೆ ಕಂಡದ್ದು ದತ್ತಾಂಶ ನಿರ್ವಹಣೆಯಲ್ಲಿ, ಅಂದರೆ ಚಿತ್ರೀಕರಿಸಿದ ಕಡತಗಳನ್ನು ನಕಲಿಸಿ ಕಾಪಾಡುವ ಕೆಲಸದಲ್ಲಿ. ದೊಡ್ಡ ಚಿತ್ರಗಳ ಅನುಭವಿ ಎಂದು ಪರಿಚಯಿಸಲ್ಪಟ್ಟಿದ್ದ ವ್ಯಕ್ತಿ ಆ ಚಿತ್ರಗಳಲ್ಲಿ ಮಾಡಿದ್ದು ಕ್ಯಾಮೆರಾ ಸಹಾಯಕನ ಕೆಲಸ. ಅದು ಗೌರವದ ಕೆಲಸವೇ, ಆದರೆ ಬೇರೆಯ ಕೆಲಸ. ಕಾರ್ಡಿನಿಂದ ಡ್ರೈವಿಗೆ ನಕಲಿಸಿದ ಕಡತಗಳನ್ನು ಚೆಕ್‌ಸಮ್ (ಕಡತದ ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಮೂಲಕ ತಾಳೆ ನೋಡದೆ, ಎರಡೂ ಪ್ರತಿಗಳನ್ನು ಒಂದೇ ಮೇಜಿನ ಮೇಲಿಟ್ಟು, ಕಾರ್ಡನ್ನು ಅಳಿಸಲು ಅವರು ಸಿದ್ಧರಾಗಿದ್ದರು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ಸರಳ ನಿಯಮವನ್ನು ನಾವೇ ಒತ್ತಾಯಿಸಿ ಜಾರಿಗೆ ತರಬೇಕಾಯಿತು. ಇಡೀ ಶ್ರಮದ ಫಲ ಉಳಿಯುವುದು ಆ ಡ್ರೈವುಗಳಲ್ಲೇ ಆದ್ದರಿಂದ ಇದನ್ನು ಸಣ್ಣ ಲೋಪವೆಂದು ನಾನು ಒಪ್ಪಲಾರೆ.

ಸಂಸ್ಥೆಯ ಪರಿಚಯಪುಟವೇ ಈ ಗೊಂದಲಕ್ಕೆ ಎಡೆಮಾಡಿದೆ. ಅಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ವರ್ಷಗಳ ಸಂಖ್ಯೆ ಮತ್ತು ಪ್ರಸಿದ್ಧ ಚಿತ್ರಗಳ ಪಟ್ಟಿ ಇದೆಯೇ ಹೊರತು, ಯಾವ ವಿಭಾಗದಲ್ಲಿ, ಯಾರ ಕೈಕೆಳಗೆ, ಪೂರ್ವತಯಾರಿಯಿಂದ ಕೊನೆಯವರೆಗೋ ಅಥವಾ ಕೆಲವೇ ದಿನಗಳ ಮಟ್ಟಿಗೋ ಎಂಬ ವಿವರವಿಲ್ಲ. ಸಾಗಣೆಯವರ ಸುಂಕದ ಅನುಭವವನ್ನಾಗಲಿ, ಎಲೆಕ್ಟ್ರಿಷಿಯನ್ನರ ಪರವಾನಗಿಯನ್ನಾಗಲಿ ಅದು ಹೇಳುವುದೇ ಇಲ್ಲ. ತನ್ನ ಅತ್ಯುತ್ತಮ ಬಂಡವಾಳವನ್ನೇ ಸಂಸ್ಥೆ ಬಚ್ಚಿಟ್ಟಂತಾಗಿದೆ. ಇದಲ್ಲದೆ, ಈ ಉದ್ಯಮದಲ್ಲಿ ಹೆಚ್ಚಿನವರು ಚಿತ್ರದಿಂದ ಚಿತ್ರಕ್ಕೆ ಗುತ್ತಿಗೆಯ ಮೇಲೆ ದುಡಿಯುವವರು. ಹಾಗಾಗಿ ಪುಟದಲ್ಲಿ ಕಾಣುವ ಮುಖ ನಮ್ಮ ಸೆಟ್ಟಿನಲ್ಲಿ ಕಾಣುತ್ತದೆಂಬ ಖಾತರಿಯಿಲ್ಲ. ಹಿಂದಿನ ನಿರ್ಮಾಪಕರೊಂದಿಗೆ ನೇರವಾಗಿ ಮಾತಾಡಿ, ಯಾರು ಯಾವ ಹೊಣೆ ಹೊತ್ತಿದ್ದರೆಂದು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಈ ಸಂಸ್ಥೆಯೊಂದಿಗೆ ಮತ್ತೆ ಕೆಲಸ ಮಾಡಲು ನಾನು ಸಿದ್ಧ. ಆದರೆ ಲೈನ್ ಪ್ರೊಡ್ಯೂಸರ್, ಸಾಗಣೆಯ ಮುಖ್ಯಸ್ಥರು ಮತ್ತು ದೀಪ ವಿಭಾಗದ ಮುಖ್ಯಸ್ಥರ ಹೆಸರುಗಳನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುತ್ತೇನೆ, ದತ್ತಾಂಶ ನಿರ್ವಹಣೆಗೆ ಮಾತ್ರ ನಮ್ಮ ತಂಡದವರನ್ನೇ ಕರೆದೊಯ್ಯುತ್ತೇನೆ.