ಹಳೇ ಪತ್ರಗಳ ಪೆಟ್ಟಿಗೆ: ಕೊಡಗಿನ ಮಳೆಗಾಲಕ್ಕೆ ಸಾಕೇ?

1962ರ ಯುದ್ಧದ ಹೊತ್ತಿನಲ್ಲಿ ಸೇನೆ ಸೇರಿ, ವೆಲ್ಲಿಂಗ್ಟನ್, ಪುಣೆ, ಮದರಾಸುಗಳಲ್ಲಿ ತರಬೇತಿಗಿದ್ದ ಹುಡುಗರು ಬರೆದ ಇನ್‌ಲ್ಯಾಂಡ್ ಪತ್ರಗಳು ಕೊಡಗಿನ ಐನ್‌ಮನೆಗಳ (ಕುಟುಂಬದ ಮೂಲಮನೆಗಳ) ಟ್ರಂಕುಗಳಲ್ಲಿ ಇನ್ನೂ ಇವೆ. ಅಂಥವನ್ನು ಕಾಪಾಡಲು ಆನ್‌ಲೈನ್‌ನಲ್ಲಿ ಸಿಗುವ ಈ ಸೆಟ್‌ನಲ್ಲಿ ಆಮ್ಲರಹಿತ ರಟ್ಟಿನ ಪೆಟ್ಟಿಗೆ, ಎ4 ಅಳತೆಯ 25 ಪಾಲಿಯೆಸ್ಟರ್ ಕವರು, ತೇವ ಹೀರುವ ಸಿಲಿಕಾ ಜೆಲ್‌ನ 10 ಗ್ರಾಂನ ನಾಲ್ಕು ಪೊಟ್ಟಣ, ಒಂದು ಅಂಟು ಟೇಪು ಇವೆ.

ಕವರುಗಳು ನಿಜಕ್ಕೂ ಚೆನ್ನಾಗಿವೆ. ಎರಡೇ ಬದಿ ಬೆಸೆದಿರುವುದರಿಂದ ಪುಸ್ತಕದಂತೆ ತೆರೆದು ಹಾಳೆ ಮಲಗಿಸಬಹುದು. ಮೂರು ಬದಿ ಮುಚ್ಚಿದ ಕವರಿಗೆ ತುರುಕಿದರೆ ಇನ್‌ಲ್ಯಾಂಡಿನ ಅಂಚಿನ ಕಿವಿಗಳು (ಮಡಚಿ ಅಂಟಿಸುವ ಪಟ್ಟಿಗಳು) ಹರಿಯುತ್ತವೆ. ಜಾಗ ಸಾಲದೆ ‘ಅವ್ವನಿಗೆ ನಮಸ್ಕಾರ’ ಎಂದು ಅಡ್ಡಡ್ಡ ಬರೆದಿರುವುದು ಆ ಕಿವಿಗಳಲ್ಲೇ. ಪಿವಿಸಿ ಕವರಂತೆ ಇದು ಶಾಯಿ ಎಳೆದುಕೊಳ್ಳುವುದಿಲ್ಲ, ಎರಡೂ ಮಗ್ಗುಲು ಓದಬಹುದು. ಹೊರಗಿನ ಮುದ್ರೆ, ವಿಳಾಸ ಕಾಣಬೇಕಾದದ್ದು ಮುಖ್ಯ: ತರಬೇತಿಯ ಊರಿನ ಅಂಚೆ ಮುದ್ರೆ ನಿಂತು 56 ಎಪಿಒ (ಸೇನಾ ಅಂಚೆ ಕಚೇರಿ) ವಿಳಾಸ ಶುರುವಾದಲ್ಲಿ, ಸಾಮಾನ್ಯವಾಗಿ, ಹುಡುಗ ತರಬೇತಿ ಮುಗಿಸಿ ಪಡೆ ಸೇರಿದ್ದಾನೆ.

ಪೆಟ್ಟಿಗೆಯೊಂದೇ ಕೊಡಗಿಗೆ ಸಾಲದು. ರಟ್ಟು ತೇವ ತಡೆಯುವುದಿಲ್ಲ. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ 40 ಗ್ರಾಂ ಸಿಲಿಕಾ ಕೆಲವೇ ದಿನಕ್ಕೆ ತೇವ ಕುಡಿದು ಕಿತ್ತಳೆಯಿಂದ ಹಸಿರಿಗೆ ತಿರುಗುತ್ತದೆ. ತೇವಾಂಶ ಶೇ. 65 ದಾಟಿ ನಿಂತರೆ ಬೂಷ್ಟಿನ ಅಪಾಯ ಹೆಚ್ಚು. ಆದ್ದರಿಂದ ಪೆಟ್ಟಿಗೆಯನ್ನು ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಕಾಲು ಕೆಜಿ ಸಿಲಿಕಾ ಬಟ್ಟೆ ಚೀಲದಲ್ಲಿ ಹಾಕಿ. ಜತೆಗೆ ತೇವಾಂಶ ಅಳೆಯುವ ಚಿಕ್ಕ ಹೈಗ್ರೋಮೀಟರ್ ಇರಲಿ. ಹಸಿರಾದ ಸಿಲಿಕಾವನ್ನು ಚೀಲದಿಂದ ತೆಗೆದು ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಡಬ್ಬಿ ಮುಚ್ಚುವ ಕೆಲಸ ಫೆಬ್ರವರಿ–ಮಾರ್ಚಿನ ಒಣಹವೆಯಲ್ಲೇ ಆಗಬೇಕು. ಒದ್ದೆ ಕಾಗದವನ್ನು ಮುಚ್ಚಿಟ್ಟರೆ ಬೂಷ್ಟನ್ನು ಸಾಕಿದಂತೆ. ಒಲೆ ಮೇಲಿನ ಅಟ್ಟ ಬೇಡ, ಹೊಗೆಯ ಕರಿ ಹತ್ತುತ್ತದೆ.

ಟೇಪನ್ನು ದಯವಿಟ್ಟು ಮುಟ್ಟಬೇಡಿ. ಅಂಟು ಹಳದಿಯಾಗಿ ಅಕ್ಷರದೊಳಕ್ಕೆ ಇಳಿಯುತ್ತದೆ. ಈ ಸೆಟ್‌ಗೆ ಅದನ್ನು ಸೇರಿಸಿದ್ದೇ ತಪ್ಪು. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು, ಬಿಡಿಸಲು ಬರುವುದಿಲ್ಲ.

ಸೂಚನಾ ಚೀಟಿಯಲ್ಲಿ ಮಡಿಕೆ ಬಿಡಿಸಲು ತೇವದ ಬಟ್ಟೆ ಒತ್ತಿ ಎಂದಿದೆ. ಕಾಪಿ ಪೆನ್ಸಿಲ್ಲಿನಲ್ಲಿ ಬರೆದ ಪತ್ರಕ್ಕೆ ಹೀಗೆ ಮಾಡಿದರೆ ಬೂದು ಅಕ್ಷರ ನೇರಳೆಯಾಗಿ ಹರಡಿ, ಪುಟವೇ ಹೋಗುತ್ತದೆ. ಒಣ ಬ್ಲಾಟಿಂಗ್ ಕಾಗದದ ನಡುವೆ, ಮೇಲೊಂದು ದಪ್ಪ ಪುಸ್ತಕವಿಟ್ಟು ವಾರ ಬಿಡಿ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯದೆ, ಅಡಿಗೆ ತೆಳು ಪ್ಲಾಸ್ಟಿಕ್ ತೂರಿಸಿ ಮೆಲ್ಲಗೆ ಸಡಿಲಿಸಿ.

ಕವರು ಬಿಡಿಯಾಗಿ ಸಿಕ್ಕರೆ ಅದನ್ನೇ ಕೊಳ್ಳಿ.